ಕಾಕಾನ ಕಪ್ಪು ಇಸಿಜಿ

ನನ್ನ ಮೇಜಿನ ಕೆಳಗಿನ ಡ್ರಾಯರಿನಲ್ಲಿ ಲ್ಯಾಮಿನೇಷನ್ ಮಾಡಿದ ಒಂದು ಕಪ್ಪು ಹಾಳೆ ಇದೆ. ಕಪ್ಪು ಎಂದರೆ ಹೆಂಚಿನ ತಳದ ಕಪ್ಪು. ಒಂದು ಅಂಚಿನಲ್ಲಿ ಮಾತ್ರ ಬೆರಳಗಲದಷ್ಟು ಗುಲಾಬಿ ಚೌಕಗಳು ಉಳಿದುಕೊಂಡಿವೆ. ಮೊನ್ನೆ ಡ್ರಾಯರು ಖಾಲಿ ಮಾಡುವಾಗ ಅದು ಹೊರಗೆ ಬಂತು. ನಮ್ಮ ಕೊಪ್ಪಳದ ಕಚೇರಿಗೆ ಹೊಸದಾಗಿ ಸೇರಿರುವ ಉಪಸಂಪಾದಕಿ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ಯಾರ ಎಕ್ಸ್‌ರೇ ಎಂದು ಕೇಳಿದಳು. ಎಕ್ಸ್‌ರೇ ಅಲ್ಲ, ನಮ್ಮ ಕಾಕಾನ ಇಸಿಜಿ ಎಂದೆ.

"ಕರೆಂಟ್ ಹೋದಾಗ ತಗದಿದ್ರೇನ್ರಿ ಸರ್?" ಎಂದಳು.

ಹುಡುಗಿ ಮುಂದೆ ಬರುತ್ತಾಳೆ. ಶೀರ್ಷಿಕೆ ಚೆನ್ನಾಗಿ ಕೊಡುತ್ತಾಳೆ.

ಕಾಕಾ ಎಂದರೆ ನಮ್ಮ ಅಪ್ಪನ ತಮ್ಮ ಶರಣಪ್ಪ. ಹನುಮಸಾಗರದ ಸರಕಾರಿ ಶಾಲೆಯಲ್ಲಿ ಜವಾನನಾಗಿದ್ದು ನಿವೃತ್ತನಾದವನು. ಆ ನೌಕರಿ ಅವನಿಗೆ ಕಲಿಸಿದ ಮೊದಲ ಪಾಠವೆಂದರೆ ಮನುಷ್ಯನಿಗಿಂತ ಅವನ ಕಾಗದ ಹೆಚ್ಚು ಕಾಲ ಬಾಳಬೇಕು ಎನ್ನುವುದು. ಗೆದ್ದಲು, ಇಲಿ, ಮಾಳಿಗೆಯ ಸೋರಿಕೆ, ಮೊಮ್ಮಕ್ಕಳು, ಈ ನಾಲ್ಕರಿಂದಲೂ ಕಾಗದವನ್ನು ಕಾಯುವ ಸಾಧನವಾಗಿ ಕುಷ್ಟಗಿಗೆ ಲ್ಯಾಮಿನೇಷನ್ ಅಂಗಡಿ ಬಂದ ದಿನ ಕಾಕಾ ಅದರ ಗಿರಾಕಿಯಾದ. ನೌಕರಿಯ ಆದೇಶ, ರೇಷನ್ ಕಾರ್ಡು, ಪಹಣಿ, ಅಜ್ಜನ ಫೋಟೋ, ತನ್ನ ಮದುವೆಯ ಕರೆಯೋಲೆ, ಕಾಕಿಯ ಕಣ್ಣಿನ ಚೀಟಿ ಎಲ್ಲವೂ ಪ್ಲಾಸ್ಟಿಕ್ಕಿನೊಳಗೆ ಹೋದವು. ಅವನ್ನೆಲ್ಲ ಒಂದು ರೆಕ್ಸಿನ್ ಚೀಲದಲ್ಲಿ ಇಟ್ಟುಕೊಂಡಿದ್ದ. ಚೀಲ ಎತ್ತಿದರೆ ಒಳಗೆ ಹಾಳೆಗಳು ಒಂದಕ್ಕೊಂದು ತಾಗಿ ಚಟಪಟ ಸದ್ದು ಮಾಡುತ್ತಿದ್ದವು. ಕಾಕಾ ಎಲ್ಲಿಗಾದರೂ ಹೊರಟಿದ್ದಾನೆ ಎನ್ನುವುದು ಓಣಿಗೆ ಆ ಸದ್ದಿನಿಂದಲೇ ತಿಳಿಯುತ್ತಿತ್ತು.

ಊರಿನಲ್ಲಿ ಒಮ್ಮೆ ಉಚಿತ ಆರೋಗ್ಯ ತಪಾಸಣೆಯ ಶಿಬಿರ ನಡೆಯಿತು. ಅಲ್ಲಿ ಕಾಕಾನ ಎದೆಗೆ ತಂತಿ ಹಚ್ಚಿ ಒಂದು ಪಟ್ಟಿ ತೆಗೆದು ಕೈಗೆ ಕೊಟ್ಟು, ಎಲ್ಲ ಸರಿಯಿದೆ, ಇದನ್ನು ಜೋಪಾನವಾಗಿಡಿ ಎಂದರು. ಜೋಪಾನ ಎಂಬ ಮಾತು ಕಿವಿಗೆ ಬಿದ್ದ ಮೇಲೆ ಕಾಕಾ ಸುಮ್ಮನಿರುವವನಲ್ಲ. ಮರುದಿನವೇ ಕುಷ್ಟಗಿಯ ಬಸ್ಸು ಹತ್ತಿದ.

ಮುಂದೆ ಏನಾಯಿತೆಂದು ಹೇಳುವ ಮೊದಲು ಫ್ಯಾಕ್ಸಿನ ಮಾತು ಆಡಬೇಕು. ನಾನು ಪತ್ರಿಕೆಗೆ ಸೇರಿದ ಕಾಲದಲ್ಲಿ ತಾಲೂಕಿನ ಸುದ್ದಿಗಳು ಫ್ಯಾಕ್ಸಿನಲ್ಲಿ ಬರುತ್ತಿದ್ದವು. ಯಲಬುರ್ಗಾದ ವರದಿಗಾರ ಬರೆದದ್ದು ಸುರುಳಿ ಸುರುಳಿಯಾಗಿ ಬಂದು ನೆಲಕ್ಕೆ ಬೀಳುತ್ತಿತ್ತು. ಹೊಸಬನಾದ ನಾನು ಅಂಥ ಒಂದು ಸುರುಳಿ ಮತ್ತೆ ಸುತ್ತಿಕೊಳ್ಳದಂತೆ ಅದರ ಮೇಲೆ ಚಹಾದ ಲೋಟ ಇಟ್ಟೆ. ಎತ್ತಿದಾಗ ಗ್ರಾಮ ಪಂಚಾಯಿತಿಯ ಚುನಾವಣೆಯಲ್ಲಿ ಗೆದ್ದವನ ಹೆಸರಿನ ಮೇಲೆ ದುಂಡಗಿನ ಕರಿ ಚಂದ್ರ ಮೂಡಿತ್ತು. ಆ ಕಾಗದಕ್ಕೆ ಶಾಯಿ ಬೇಡ. ಬಿಸಿ ತಾಗಿದಲ್ಲಿ ಕಪ್ಪಾಗುತ್ತದೆ, ಯಂತ್ರ ಸಣ್ಣ ಬಿಸಿಮೊನೆಯಿಂದ ಅದರ ಮೇಲೆ ಬರೆಯುತ್ತದೆ. ಈಗ ಬಸ್ಸಿನ ಕಂಡಕ್ಟರು ಯಂತ್ರದಿಂದ ಹರಿದು ಕೊಡುವ ಟಿಕೇಟು ಅದೇ ಜಾತಿಯದು. ಇಸಿಜಿ ಕಾಗದವೂ ಸಾಮಾನ್ಯವಾಗಿ ಅದೇ.

ಈಗ ಲ್ಯಾಮಿನೇಷನ್ ಯಂತ್ರದ ಕೆಲಸ ನೆನಪಿಸಿಕೊಳ್ಳಿ. ಎರಡು ಬಿಸಿ ಉರುಳೆಗಳು, ನಡುವೆ ಕಾಗದ. ಕಾಕಾನ ಎದೆಯ ಗೆರೆ ಒಂದು ಕಡೆಯಿಂದ ಒಳಗೆ ಹೋಗಿ ಇನ್ನೊಂದು ಕಡೆಯಿಂದ ಹೊರಗೆ ಬರುವಾಗ ಇಡೀ ಹಾಳೆಯೇ ಗೆರೆಯಾಗಿತ್ತು. ಅಂಗಡಿಯವನು ಪೆಚ್ಚಾದನಂತೆ. ಕಾಕಾ ಪೆಚ್ಚಾಗಲಿಲ್ಲ. ಗೆರೆ ಒಳಗೆ ಇದ್ದೇ ಇದೆ, ಮೇಲೆ ಕಪ್ಪು ಕೂತಿದೆ ಅಷ್ಟೇ ಎಂದು ತೀರ್ಮಾನಿಸಿ ಅದನ್ನು ಚೀಲಕ್ಕೆ ಸೇರಿಸಿದ.

ಆ ಚೀಲದಲ್ಲಿ ನನ್ನದೂ ಒಂದು ಹಾಳೆ ಇತ್ತು. ನಮ್ಮ ಭಾನುವಾರದ ಪುರವಣಿಗೆ ನಾನು ಇಸಿಜಿಯ ಬಗ್ಗೆ ಬರೆದ ಲೇಖನ. ಬರೆಯಬೇಕಾದ ವೈದ್ಯರು ಕೈಕೊಟ್ಟಿದ್ದರಿಂದ ಪುಟ ತುಂಬಿಸುವ ಹೊಣೆ ನನ್ನ ತಲೆಗೆ ಬಂದಿತ್ತು. ಅಲ್ಲಿಯವರೆಗೆ ಹೃದಯದ ಬಗ್ಗೆ ನನಗಿದ್ದ ತಿಳಿವಳಿಕೆ ಅಜ್ಜನ ಎದೆಯಿಂದ ಬಂದದ್ದು. ಬೇಸಿಗೆಯಲ್ಲಿ ಮಾಳಿಗೆಯ ಮೇಲೆ ಅಜ್ಜನ ಎದೆಗೆ ಕಿವಿ ಹಚ್ಚಿ ಮಲಗುತ್ತಿದ್ದೆ. ಹಲ್ಲಿಲ್ಲದ ಅಜ್ಜ ಹಗಲೆಲ್ಲ ಎಲೆ ಅಡಿಕೆಯನ್ನು ಪುಟ್ಟ ಕುಟ್ಟಾಣಿಯಲ್ಲಿ ಕುಟ್ಟಿಕೊಂಡು ತಿನ್ನುತ್ತಿದ್ದ. ಎದೆಯೊಳಗಿನ ಸದ್ದು ಕೇಳಿ, ಅಜ್ಜ ಕುಟ್ಟಾಣಿಯನ್ನು ನುಂಗಿದ್ದಾನೆ ಎಂದೇ ನಾನು ಬಹಳ ದಿನ ನಂಬಿದ್ದೆ. ಅಜ್ಜನೂ ಹೌದೆನ್ನುತ್ತಿದ್ದ.

ಲೇಖನಕ್ಕೆ ಕುಟ್ಟಾಣಿ ಸಾಲುತ್ತಿರಲಿಲ್ಲ. ಪರಿಚಯದ ವೈದ್ಯರೊಬ್ಬರ ಬಳಿ ಕೂತು ನೋಟ್ಸು ಮಾಡಿಕೊಂಡೆ. ಮೊದಲು ತಿಳಿದದ್ದು ಇಸಿಜಿ ಯಂತ್ರ ಮೈಗೆ ಕರೆಂಟು ಕೊಡುವುದಿಲ್ಲ ಎಂಬುದು. ನಮ್ಮ ಕಡೆಯ ಅರ್ಧ ಜನ ಈ ಹೆದರಿಕೆಯಿಂದಲೇ ತಪಾಸಣೆ ತಪ್ಪಿಸಿಕೊಳ್ಳುತ್ತಾರೆ. ಹೃದಯ ತನ್ನ ಕರೆಂಟನ್ನು ತಾನೇ ಹುಟ್ಟಿಸಿಕೊಳ್ಳುತ್ತದೆ. ಯಂತ್ರ ಅದನ್ನು ಕೇಳಿಸಿಕೊಂಡು ಕಾಗದದ ಮೇಲೆ ಬರೆಯುತ್ತದೆ. ಒಳ್ಳೆಯ ವರದಿಗಾರನ ಹಾಗೆ, ತನ್ನ ಮಾತು ಸೇರಿಸುವುದಿಲ್ಲ.

ಒಂದು ಬಡಿತಕ್ಕೆ ಕಾಗದದ ಮೇಲೆ ಮೊದಲು ಒಂದು ಸಣ್ಣ ದಿಬ್ಬ, ಆಮೇಲೆ ಚೂಪಾದ ಶಿಖರ, ಕೊನೆಗೆ ಒಂದು ಅಗಲವಾದ ಗುಡ್ಡ. ವೈದ್ಯರು ಇವನ್ನು ಪಿ, ಕ್ಯುಆರ್‌ಎಸ್, ಟಿ ಎಂದು ಕರೆಯುತ್ತಾರೆ. ಇದನ್ನು ಓದುಗರಿಗೆ ಹೇಗೆ ಹೇಳುವುದೆಂದು ಯೋಚಿಸುವಾಗ ನೆನಪಾದದ್ದು ಕಾಕಾ ಹೊಡೆಯುತ್ತಿದ್ದ ಶಾಲೆಯ ಗಂಟೆ. ಬೇವಿನ ಮರಕ್ಕೆ ಕಟ್ಟಿದ ಕಬ್ಬಿಣದ ತುಂಡು ಅದು. ಗಂಟೆಯಾದ ಕೂಡಲೇ ಪಕ್ಕದ ಕೋಣೆಯ ಚಿಕ್ಕ ಮಕ್ಕಳು ಎದ್ದು ಬಾಗಿಲಿಗೆ ಬರುತ್ತಿದ್ದರು. ಅದು ಸಣ್ಣ ದಿಬ್ಬ, ಹೃದಯದ ಮೇಲಿನ ಕೋಣೆಗಳು ಹಿಂಡುವ ಹೊತ್ತು. ಬಾಗಿಲಲ್ಲಿ ಮಾಸ್ತರರು ಒಂದು ಕ್ಷಣ ಕೈ ಅಡ್ಡ ಹಿಡಿದು ನಿಲ್ಲಿಸುತ್ತಿದ್ದರು. ಹೃದಯದಲ್ಲೂ ಹಾಗೊಂದು ತಡೆ ಇದೆ, ಮೇಲಿನ ರಕ್ತ ಪೂರ್ತಿ ಕೆಳಗಿಳಿಯಲಿ ಎಂದು. ಮಾಸ್ತರರು ಕೈ ತೆಗೆದರೆ ಇಡೀ ಶಾಲೆ ಒಂದೇ ಉಸಿರಿಗೆ ಮೈದಾನಕ್ಕೆ ನುಗ್ಗುತ್ತಿತ್ತು. ಅದು ಚೂಪು ಶಿಖರ. ಕೆಳಗಿನ ದೊಡ್ಡ ಕೋಣೆಗಳು ರಕ್ತವನ್ನು ಮೈಗೆಲ್ಲ ನೂಕುವುದು ಆಗ. ಆಮೇಲೆ ಮಕ್ಕಳು ನಿಧಾನವಾಗಿ ಒಳಗೆ ಬಂದು ತಮ್ಮ ತಮ್ಮ ಜಾಗದಲ್ಲಿ ಕೂತು ಮುಂದಿನ ಗಂಟೆಗೆ ಸಿದ್ಧವಾಗುತ್ತಿದ್ದರು. ಆ ಕೂತುಕೊಳ್ಳುವುದೇ ಕೊನೆಯ ಗುಡ್ಡ. ಹೃದಯದ ಮಾಂಸಕ್ಕೆ ರಕ್ತ ಸಾಲದಾದಾಗ ಹಲವು ಸಲ ಮೊದಲು ಕೆಡುವುದು ಈ ಕೊನೆಯ ಭಾಗ. ಗುಡ್ಡ ತಲೆಕೆಳಗಾಗಿ ಹೊಂಡವಾಗುತ್ತದೆ.

ಇನ್ನೊಂದು ಸಂಗತಿ ನನಗೆ ಬಹಳ ಹಿಡಿಸಿತು. ಇಸಿಜಿ ಒಂದೇ ಹೃದಯವನ್ನು ಹನ್ನೆರಡು ಕಡೆಯಿಂದ ನೋಡುತ್ತದೆ. ಒಂದು ಸಭೆಗೆ ಹನ್ನೆರಡು ಜನ ವರದಿಗಾರರನ್ನು ಕಳಿಸಿ ಒಬ್ಬೊಬ್ಬನನ್ನು ಒಂದೊಂದು ಮೂಲೆಯಲ್ಲಿ ನಿಲ್ಲಿಸಿದ ಹಾಗೆ. ಇವರಲ್ಲಿ ಒಬ್ಬ ಬಲಭುಜದ ಕಡೆ ನಿಂತಿರುತ್ತಾನೆ. ಅವನಿಗೆ ಎಲ್ಲವೂ ಬೆನ್ನು ಹಾಕಿ ಹೋಗುವುದರಿಂದ ಅವನ ವರದಿಯಲ್ಲಿ ಎಲ್ಲ ತಲೆಕೆಳಗು. ಅದು ಸಹಜ. ನಾನು ಹೀಗೆ ಬರೆದೆ: "ಬಲಭುಜದ ಕಡೆಯಿಂದ ನೋಡುವ ಗೆರೆಯಲ್ಲಿ ಅಲೆ ತಲೆಕೆಳಗಿರುವುದು ಸಹಜ."

ವಾಕ್ಯದಲ್ಲಿ ತಪ್ಪಿಲ್ಲ. ಇಂದಿಗೂ ಅದನ್ನು ತಿದ್ದಲಾರೆ. ಆದರೆ ಓದುಗ ವಾಕ್ಯವನ್ನು ಎಲ್ಲಿಂದ ಓದಲು ಶುರು ಮಾಡುತ್ತಾನೆ ಎನ್ನುವುದು ಸಂಪಾದಕನ ಕೈಯಲ್ಲಿಲ್ಲ. ಕಾಕಾ ಅದರ ಕೊನೆಯ ಮೂರು ಪದಗಳನ್ನು ಬಾಯಿಪಾಠ ಮಾಡಿಕೊಂಡಿದ್ದ. ತಾನು ಹೊಡೆಯುತ್ತಿದ್ದ ಗಂಟೆ ಅಚ್ಚಿನಲ್ಲಿ ಬಂದ ಹೆಮ್ಮೆ ಬೇರೆ. ಕಟ್ಟೆಯ ಮೇಲೆ ಕೂತು ಊರವರ ಇಸಿಜಿ ನೋಡಿ ಅಭಿಪ್ರಾಯ ಹೇಳುವಷ್ಟು ಮುಂದುವರಿದಿದ್ದ. ಜನರೂ ತಂದು ತೋರಿಸುತ್ತಿದ್ದರು. ಎಲ್ಲರಿಗೂ ಎಲ್ಲ ಸಹಜ ಎನ್ನುತ್ತಿದ್ದನಾದ್ದರಿಂದ ಅವನ ಹೆಸರು ಕೆಟ್ಟಿರಲಿಲ್ಲ.

ಎಳ್ಳಮಾವಾಸ್ಯೆ ಮುಗಿದು ಬಿಸಿಲು ಬಲಿಯುತ್ತಿದ್ದ ದಿನಗಳಲ್ಲಿ ಒಂದು ರಜೆಗೆ ನಾನು ಹನುಮಸಾಗರಕ್ಕೆ ಹೋಗಿದ್ದೆ. ಬೆಳಗಿನ ಮಂಡಕ್ಕಿ ಒಗ್ಗರಣೆ ಆಗಿತ್ತು. ಕಾಕಾ ಕಟ್ಟೆಯ ಮೇಲೆ ಕೂತವನು ಮಾತಾಡುತ್ತ ಆಡುತ್ತ ನಿಲ್ಲಿಸಿದ. ಹಣೆಯಲ್ಲಿ ಬೆವರು ಬಂದಿತ್ತು, ನೆರಳಿನಲ್ಲೇ ಇದ್ದರೂ. ಎದೆಯ ನಡುವೆ ಅಂಗೈ ಇಟ್ಟುಕೊಂಡು ಗ್ಯಾಸ್ ಆಗಿದೆ ಎಂದ. ನಾನು ಆ ಲೇಖನ ಬರೆದವನಾದ್ದರಿಂದ ಗ್ಯಾಸ್ ಎಂಬ ಮಾತನ್ನು ಸುಲಭವಾಗಿ ಒಪ್ಪಲಿಲ್ಲ. ಕಾರು ತೆಗೆದೆ. ಬರುವುದಿಲ್ಲ ಎಂದವನು, ಹಳೆಯ ಪಟ್ಟಿ ತೋರಿಸಿ ಬಂದರಾಯಿತು ಎಂದು ನಾನು ಹೇಳಿದ ಮೇಲೆ ಹೊರಟ. ಚೀಲ ಚಟಪಟ ಎಂದಿತು.

ಕಾಕಿಯೂ ಬಂದಳು. ಅವಳ ಹೆಸರು ಗೌರವ್ವ, ಹುಲಿಹೈದರದ ಕಡೆಯವಳು, ಮಾತು ಕಡಿಮೆ. ಹಿಂದಿನ ಸೀಟಿನಿಂದ ಅವಳು ಏನೋ ಹೇಳಲು ಹೊರಟಳು. "ಅಲ್ರಿ, ಹೊಲಕ್ಕ ಹೋಗ್ವಾಗ..." ಎಂದಳಷ್ಟೆ.

"ನೀ ಸುಮ್ಮ ಕುಂದರ. ನಿನಗ ಇಸಿಜಿ ಓದಾಕ ಬರ್ತೈತೇನು?" ಎಂದ ಕಾಕಾ. ಅವಳು ಕುಷ್ಟಗಿಯವರೆಗೂ ಕಿಟಕಿಯಾಚೆ ನೋಡುತ್ತಿದ್ದಳು.

ಕುಷ್ಟಗಿಯ ಆಸ್ಪತ್ರೆಯಲ್ಲಿ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಇದ್ದರು. ಕೂಡಲೇ ಮಲಗಿಸಿ, ಎದೆಗೆ ತಣ್ಣನೆಯ ಜೆಲ್ಲಿ ಹಚ್ಚಿ, ಕೈಕಾಲುಗಳಿಗೆ ಕ್ಲಿಪ್ ಸಿಕ್ಕಿಸಿ ಪಟ್ಟಿ ತೆಗೆದರು. ನೋಡಿದವರೇ ಒಂದು ಮಾತ್ರೆ ಕೊಟ್ಟು ಅಗಿದು ನುಂಗಲು ಹೇಳಿದರು. ಆಮೇಲೆ ನನ್ನನ್ನು ಕರೆದು, ಎದೆಯ ಎದುರಿಗಿರುವ ಗೆರೆಗಳಲ್ಲಿ ಕೊನೆಯ ಅಲೆ ತಲೆಕೆಳಗಾಗಿದೆ ಎಂದು ಬೆರಳಿಟ್ಟು ತೋರಿಸಿದರು. ಕೆಲವರಲ್ಲಿ ಇದು ವರ್ಷಗಳಿಂದ ಹೀಗೇ ಇರಬಹುದು. ಹೊಸದಾಗಿ ಆಗಿದ್ದರೆ ಮಾತು ಬೇರೆ, ಹೃದಯದ ನಾಳ ಕಟ್ಟಿಕೊಳ್ಳುತ್ತಿರಬಹುದು. ಹೊಸದೋ ಹಳೆಯದೋ ಎಂದು ಹೇಳಲು ಹಿಂದಿನ ಇಸಿಜಿ ಪಕ್ಕದಲ್ಲಿಟ್ಟು ನೋಡಬೇಕು. ಇದೆಯೇ ಎಂದು ಕೇಳಿದರು.

ಕಾಕಾ ಮಲಗಿದಲ್ಲಿಂದಲೇ ಚೀಲದತ್ತ ಕೈ ಮಾಡಿದ. ಅವನ ಮುಖದಲ್ಲಿ, ಇಷ್ಟು ವರ್ಷ ಕಾಗದ ಕಾಯ್ದದ್ದು ಸಾರ್ಥಕವಾಯಿತು ಎಂಬ ಸಮಾಧಾನವಿತ್ತು. ನಾನು ಹುಡುಕಿ ತೆಗೆದುಕೊಟ್ಟೆ.

ಡಾಕ್ಟರಮ್ಮ ಅದನ್ನು ತಿರುಗಿಸಿ ಮುರುಗಿಸಿ ನೋಡಿದರು. "ಇದೇನ್ರಿ ಯಜಮಾನ್ರ, ಸಾಲಿ ಹುಡುಗ್ರು ಬರಿಯೋ ಪಾಟಿ ತಂದೀರಲ್ಲ."

"ಒಳಗ ಎಲ್ಲಾ ಐತ್ರಿ ಮೇಡಂ. ಮ್ಯಾಲಿನ ಪ್ಲಾಸ್ಟಿಕ್ ತಗದ್ರ ಕಾಣತೈತಿ."

ಕಾಣುವುದಿಲ್ಲ ಎಂದು ಅವರು ಹೇಳಿದರು. ಕಾಕಾ ಎದೆಗುಂದಲಿಲ್ಲ. ಮುಂದಿನ ದಾಖಲೆ ಎಂಬಂತೆ ನನ್ನ ಲೇಖನ ತೆಗೆಸಿದ. ಅದು ಪತ್ರಿಕೆಯ ಕಾಗದ, ಬಿಸಿಗೆ ಏನೂ ಆಗಿರಲಿಲ್ಲ. ಹೀಗಾಗಿ ಆ ಮೇಜಿನ ಮೇಲೆ ಎರಡು ಹಾಳೆಗಳು ಅಕ್ಕಪಕ್ಕ ಬಿದ್ದಿದ್ದವು. ಕಾಕಾನ ಹೃದಯವನ್ನು ಓದಲು ಬರುತ್ತಿರಲಿಲ್ಲ, ನನ್ನ ಲೇಖನ ಮಾತ್ರ ಅಕ್ಷರ ಅಕ್ಷರವೂ ಸ್ಪಷ್ಟವಾಗಿತ್ತು. ಪತ್ರಿಕೋದ್ಯಮದ ಇಷ್ಟು ವರ್ಷಗಳಲ್ಲಿ ನನ್ನ ಬರಹ ಅಷ್ಟು ಚೆನ್ನಾಗಿ ಉಳಿದು ಅಷ್ಟು ನಿರುಪಯೋಗಿಯಾದದ್ದು ಇನ್ನೊಂದಿಲ್ಲ.

"ಇಂವ ನಮ್ಮ ಅಣ್ಣನ ಮಗ. ಪೇಪರಿನ್ಯಾಗ ಬರದಾನ, ಅಲೆ ತಲೆಕೆಳಗಿರುವುದು ಸಹಜ ಅಂತ. ನನ್ನ ಎದಿ ಮೊದಲಿಂದ ಹಿಂಗ ಐತ್ರಿ," ಎಂದ ಕಾಕಾ.

ಡಾಕ್ಟರಮ್ಮ ಲೇಖನ ಓದಿ ನನ್ನ ಮುಖ ನೋಡಿದರು. ಅದು ಬಲಭುಜದ ಒಂದು ಗೆರೆಯ ಮಾತು ಎಂದು ನಾನು ಕಾಕಾನಿಗೆ ಹೇಳಿದೆ. ಹಾಗಾದರೆ ಉಳಿದ ಹನ್ನೊಂದರ ಮಾತನ್ನೂ ಬರೆಯಬೇಕಿತ್ತು ಎಂದ. ಬರೆದಿದ್ದೆ. ಅದು ಎರಡನೆಯ ಕಾಲಮ್ಮಿನಲ್ಲಿತ್ತು.

ಡಾಕ್ಟರಮ್ಮ ಸಿಟ್ಟಾಗಲಿಲ್ಲ. ಹಳೆಯದು ಕೈಯಲ್ಲಿಲ್ಲವಾದ್ದರಿಂದ ಇದನ್ನು ಹೊಸದೆಂದೇ ತಿಳಿಯುತ್ತೇನೆ, ಈಗಲೇ ಆಂಬುಲೆನ್ಸಿನಲ್ಲಿ ಕೊಪ್ಪಳಕ್ಕೆ ಹೋಗಬೇಕು ಎಂದರು. ಖಚಿತವಾಗದ ಸುದ್ದಿಯನ್ನು ನಾವು ತಡೆದಿಡುತ್ತೇವೆ, ಅವರು ಖಚಿತವಾಗದ ಅಪಾಯವನ್ನು ಮೊದಲು ಸಾಗಿಸುತ್ತಾರೆ. ಎರಡೂ ಒಂದೇ ಶಿಸ್ತು ಎಂದು ನನಗೆ ಆಗ ಹೊಳೆಯಿತು. ಕಾಕಾನಿಗೆ ಹೊಳೆಯಲಿಲ್ಲ. ಮಲಗಿದ್ದಕ್ಕೆ ಎದೆಯ ಬಿಗಿತ ಸ್ವಲ್ಪ ಸಡಿಲವಾದದ್ದೇ ಅವನಿಗೆ ಬಲ ಬಂದಂತಾಗಿತ್ತು. ಎದ್ದು ಕೂತು ಅಂಗಿಯ ಗುಂಡಿ ಹಾಕಿಕೊಳ್ಳತೊಡಗಿದ. ಗ್ಯಾಸ್ ಇಳಿದಿದೆ, ಮನೆಗೆ ಹೋಗೋಣ ಎಂದ. ಒಲ್ಲದವನನ್ನು ಕಟ್ಟಿ ಒಯ್ಯಲಾಗುವುದಿಲ್ಲ. ನಾನು ಹೇಳಿದೆ, ಡಾಕ್ಟರಮ್ಮ ಹೇಳಿದರು, ನರ್ಸು ಹೇಳಿದರು. ಅವನು ಎರಡನೆಯ ಗುಂಡಿಗೆ ಬಂದಿದ್ದ. ಮನೆಗೆ ಹೋದರೆ ಏನಾಗಬಹುದು ಎನ್ನುವುದು ಆ ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು, ಅವನೊಬ್ಬನಿಗೆ ಬಿಟ್ಟು.

ಕಾಕಿ ಬಾಗಿಲ ಬಳಿ ನಿಂತಿದ್ದಳು. ಸೆರಗು ಸರಿಮಾಡಿಕೊಂಡು ಮುಂದೆ ಬಂದಳು. ಗಂಡನ ಕಡೆ ನೋಡದೆ ಡಾಕ್ಟರಮ್ಮನಿಗೆ ಹೇಳಿದಳು.

"ಇಲ್ನೋಡ ಯವ್ವಾ, ನನಗ ಆ ಗೆರಿ ಗಿರಿ ತಿಳ್ಯಾಂಗಿಲ್ಲ. ಮದುವ್ಯಾದಾಗಿಂದ ನಾ ಇವರ ಬೆನ್ನ ನೋಡಕೋತ ನಡದಾಕಿ. ಹೊಲಕ್ಕ ಹೋದ್ರೂ ಇವರು ಮುಂದ, ಸಂತಿಗೆ ಹೋದ್ರೂ ಇವರು ಮುಂದ. ಎಳ್ಳಮಾಸಿ ಆದಮ್ಯಾಲ ಬೆನ್ನ ಕಾಣವಲ್ದು. ನಾನ ಮುಂದ ಬಂದಿರತೀನಿ. ತಿರುಗಿ ನೋಡಿದ್ರ ಚಪ್ಪಲಿ ಉಂಗಟ ಸರಿ ಮಾಡ್ಕೋತ ಕುಂತಿರತಾರ. ಹೊಸಾ ಚಪ್ಪಲಿ ಐತಿ ಅದು. ಉಂಗಟಕ್ಕ ಏನೂ ಆಗಿಲ್ಲ."

 ಕಾಕಾನ ಕೈ ಗುಂಡಿಯ ಮೇಲೆ ನಿಂತಿತ್ತು.

ಡಾಕ್ಟರಮ್ಮ ಪೆನ್ನು ಕೆಳಗಿಟ್ಟು ಕಾಕಿಯನ್ನು ಸ್ಟೂಲಿನ ಮೇಲೆ ಕೂರಿಸಿದರು. ಮೊದಲು ಎಷ್ಟು ದೂರಕ್ಕೆ ಕೂರುತ್ತಿದ್ದರು, ಈಗ ಎಷ್ಟಕ್ಕೆ, ಕೂತರೆ ಎಷ್ಟು ಹೊತ್ತಿಗೆ ಏಳುತ್ತಾರೆ ಎಂದು ಒಂದೊಂದಾಗಿ ಕೇಳಿದರು. ಕಾಕಿ ಊರ ಹೆಸರು ಹೇಳುವಷ್ಟು ಸಲೀಸಾಗಿ ಹೇಳಿದಳು. ಮೊದಲು ಹಳ್ಳ ದಾಟಿದ ಮೇಲೆ, ಆಮೇಲೆ ಹಳ್ಳದ ಈಚೆ, ಈಗೀಗ ಹುಣಸೆ ಮರದ ಹತ್ತಿರವೇ. ದೂರ ತಾನಾಗಿ ಕಡಿಮೆಯಾಗುತ್ತ ಬಂದ ದಾರಿಯನ್ನು ಅವಳು ಮರ ಮರವಾಗಿ ಬಿಡಿಸಿಟ್ಟಳು. ಮೊನ್ನೆ ಮೊನ್ನೆಯದು ಹೇಳಲು ಹೋದರೆ ಇವರು ಬಾಯಿ ಮುಚ್ಚಿಸುತ್ತಾರೆ ಎಂದೂ ಸೇರಿಸಿದಳು.

"ಯಜಮಾನ್ರ, ನನಗ ಹಳೇ ಪಟ್ಟಿ ಬ್ಯಾಡ ಈಗ," ಎಂದರು ಡಾಕ್ಟರಮ್ಮ. "ಇದು ಹೊಸಾದು. ಮೊದಲು ಮನಷ್ಯಾನ ಮಾತು, ಆಮ್ಯಾಲ ಈ ಕಾಗದ. ನಡೀರಿ ಕೊಪ್ಪಳಕ್ಕ."

ಕಾಕಾ ಹಾಕಿಕೊಂಡಿದ್ದ ಗುಂಡಿಗಳನ್ನು ಬಿಚ್ಚಿದ. ಆಂಬುಲೆನ್ಸಿಗೆ ಹತ್ತುವಾಗ ಚೀಲ ಕೇಳಲಿಲ್ಲ, ನಾನು ಅದನ್ನು ನನ್ನ ಕಾರಿಗೆ ಹಾಕಿಕೊಂಡೆ. ಕಪ್ಪು ಹಾಳೆ ನನ್ನ ಡ್ರಾಯರಿಗೆ ಬಂದದ್ದು ಹಾಗೆ.

ಕೊಪ್ಪಳದಲ್ಲಿ ಮತ್ತೊಂದು ಇಸಿಜಿ ತೆಗೆದರು. ಕುಷ್ಟಗಿಯದರ ಪಕ್ಕದಲ್ಲಿಟ್ಟರೆ ಹೊಂಡ ಇನ್ನಷ್ಟು ಆಳವಾಗಿತ್ತು. ಹಳೆಯ ಗೆರೆ ಹೀಗೆ ಒಂದೇ ಬೆಳಗಿನಲ್ಲಿ ಬದಲಾಗುವುದಿಲ್ಲ. ರಕ್ತಪರೀಕ್ಷೆಯೂ ಅದನ್ನೇ ಹೇಳಿತು. ಅಲ್ಲಿಂದ ಹುಬ್ಬಳ್ಳಿಗೆ ಕಳಿಸಿದರು. ಅಲ್ಲಿ ನಾಳದ ಅಡಚಣೆ ಬಿಡಿಸಿ ಸ್ಟೆಂಟ್ ಹಾಕಿದರು. ಮನೆಗೆ ಹೋಗಿದ್ದರೆ ಎಂಬ ವಾಕ್ಯವನ್ನು ನಮ್ಮ ಮನೆಯಲ್ಲಿ ಯಾರೂ ಪೂರ್ತಿ ಮಾಡುವುದಿಲ್ಲ.

ಕಾಕಾ ಊರವರು ತಂದ ಇಸಿಜಿಗಳನ್ನು ಈಗ ನೋಡುವುದಿಲ್ಲವಂತೆ. ಡಾಕ್ಟರ ಕಡೆ ಹೋಗಿ ಎಂದು ಕಳಿಸುತ್ತಾನಂತೆ. ಕಟ್ಟೆಯ ಮಟ್ಟಿಗೆ ಇದು ದೊಡ್ಡ ನಷ್ಟ, ಉಚಿತವಾಗಿ ಧೈರ್ಯ ಸಿಗುತ್ತಿದ್ದ ಜಾಗ ಅದೊಂದೇ ಆಗಿತ್ತು.

ಮರುತಪಾಸಣೆಗೆ ಅವರಿಬ್ಬರೂ ಕೊಪ್ಪಳಕ್ಕೆ ಬಂದಾಗ ನಾನೂ ಜೊತೆಗೆ ಹೋದೆ. ಹೊಸ ಪಟ್ಟಿ ತೆಗೆದಾಗ ಹೊಂಡಗಳು ತುಂಬಿಕೊಂಡು ಗುಡ್ಡಗಳಾಗುತ್ತ ಬಂದಿದ್ದವು. ನನಗೇ ಗೊತ್ತಾಗುವಷ್ಟು ಸ್ಪಷ್ಟ. ಡಾಕ್ಟರು ಅದನ್ನು ಕಾಕಾನತ್ತ ತಿರುಗಿಸಿ ಚೆನ್ನಾಗಿದೆ ಎಂದರು. ಕಾಕಾ ಅದರ ಮೇಲೆ ಕಣ್ಣಾಡಿಸಿ ಮೇಜಿನ ಮೇಲಿಟ್ಟ. ಹೊಲಕ್ಕೆ ನಡೆದರೆ ಈಗ ಎದೆ ಹಿಡಿಯುತ್ತದೆಯೇ, ಎಲ್ಲಾದರೂ ಕೂರಬೇಕಾಗುತ್ತದೆಯೇ ಎಂದು ಡಾಕ್ಟರು ಕೇಳಿದರು.

ಕಾಕಾ ಪಕ್ಕದಲ್ಲಿ ಕೂತಿದ್ದ ಕಾಕಿಯ ಕಡೆ ಕೈ ತೋರಿಸಿದ. "ಆಕಿನ್ನ ಕೇಳ್ರಿ."

ಡಾಕ್ಟರು ಅವಳತ್ತ ತಿರುಗಿದರು. ಕಾಕಿ ಗಂಡನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿದಳು. ಅವಸರ ಮಾಡಲಿಲ್ಲ.

"ಇನ್ನೊಂದೀಟು ದಿನ ಹಿಂದಿಂದ ನಡದ ನೋಡ್ತೀನ್ರಿ," ಎಂದಳು. "ಆಮ್ಯಾಲ ಹೇಳ್ತೀನಿ."